ಅಂಟಿನ ಮೇಲೆ ನಿಂತ ರಾಕೆಟ್

ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರ ಆಗಸ್ಟ್ 23ರಂದು. ಅಂದಿನಿಂದ ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳ ಬಾಯಲ್ಲಿ ರಾಕೆಟಿನ ಮಾತು ನಿಂತಿಲ್ಲ. ಅಮೆರಿಕಾದ ಮರುಭೂಮಿಯಲ್ಲಿ ಯಾರ್ಯಾರೋ ಆಳೆತ್ತರದ ರಾಕೆಟ್ ಹಾರಿಸುವ ವಿಡಿಯೋ ನೋಡಿ ಬಂದು, "ಉಸ್ತಾದೇ, ಅದನ್ನು ಅವರು ಮನೆಯಲ್ಲೇ ಮಾಡುವುದಂತೆ, ನಮಗೂ ಆಗ್ತದಾ?" ಎಂದು ಕೇಳುತ್ತಾರೆ. "ಸುಮ್ಮನೆ ಕೂತ್ಕೋ" ಎಂದು ಬಾಯಿ ಮುಚ್ಚಿಸಿದರೆ ಆ ಮಗು ನಾಳೆ ನಮ್ಮನ್ನು ಕೇಳುವುದಿಲ್ಲ, ಮೊಬೈಲನ್ನೇ ಕೇಳುತ್ತದೆ. ಹಾಗಾಗಿ ಆ ರಾಕೆಟಿನ ಒಳಗೆ ಎಂತ ಉಂಟು, ಅವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂಬುದು ಮನೆಯ ದೊಡ್ಡವರಿಗೂ ಸ್ವಲ್ಪ ಗೊತ್ತಿರಬೇಕು.

ವಿಡಿಯೋದಲ್ಲಿ ಕಾಣುವ ಹೆಚ್ಚಿನವರು ಇಂಧನವನ್ನು ಮನೆಯಲ್ಲಿ ಕಲಸುವುದಿಲ್ಲ. ಕಂಪನಿ ತಯಾರಿಸಿದ ಇಂಧನದ ತುಂಡುಗಳು ಕಿಟ್ ಆಗಿ ಬರುತ್ತವೆ. ಅದನ್ನು ಮೋಟಾರಿನೊಳಗೆ ಜೋಡಿಸುವುದಷ್ಟೇ ಅವರ ಕೆಲಸ. ಅದಕ್ಕೂ ಅಲ್ಲಿ ಎರಡು ಸಂಘಟನೆಗಳ ಕಟ್ಟುನಿಟ್ಟು ಇದೆ. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಒಂದು, ಟ್ರಿಪೋಲಿ ಇನ್ನೊಂದು. ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಗಳ ದರ್ಜೆ ಉಂಟು. ಅಕ್ಷರ ಒಂದು ಮುಂದೆ ಹೋದರೆ ಶಕ್ತಿಯ ಮಿತಿ ಇಮ್ಮಡಿ. ಎಚ್ ಮತ್ತು ಐ ಹಾರಿಸಲು ಮೊದಲ ಹಂತದ ಸರ್ಟಿಫಿಕೇಟ್ ಬೇಕು, 18 ವರ್ಷ ತುಂಬಿರಬೇಕು. ಜೆ, ಕೆ, ಎಲ್ ದರ್ಜೆಗೆ ಲಿಖಿತ ಪರೀಕ್ಷೆ. ಎಂ ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ರಾಕೆಟಿನ ಪೂರ್ತಿ ವಿನ್ಯಾಸವನ್ನು ಅನುಭವಸ್ಥರ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಎಂ ಮೋಟಾರಿನ ಮಿತಿ 10,240 ನ್ಯೂಟನ್ ಸೆಕೆಂಡ್; ಎಚ್‌ನದ್ದು ಬರೀ 320. ಇದೆಲ್ಲ ಆದ ಮೇಲೂ ವಿಮಾನಯಾನ ಇಲಾಖೆಯ ಅನುಮತಿ ಇದ್ದ ಬಯಲಿನಲ್ಲೇ ಹಾರಿಸಬೇಕು.

ಇನ್ನು ಒಳಗಿನ ವಿಷಯ. ಪುಟ್ಟು ಮಾಡುವ ಕೊಳವೆ ನೆನಪು ಮಾಡಿಕೊಳ್ಳಿ. ಹಿಟ್ಟು, ಮಧ್ಯೆ ತೆಂಗಿನ ತುರಿ, ಮತ್ತೆ ಹಿಟ್ಟು. ಮೋಟಾರೂ ಹಾಗೆಯೇ. ಹೊರಗೆ ಅಲ್ಯೂಮಿನಿಯಂ ಕೊಳವೆ, ಅದರೊಳಗೆ ಶಾಖ ತಡೆಯುವ ಗಟ್ಟಿ ಕಾಗದದ ಇನ್ನೊಂದು ಕೊಳವೆ. ಇದಕ್ಕೆ ಲೈನರ್ ಎನ್ನುತ್ತಾರೆ. ಲೈನರಿನೊಳಗೆ ಒಂದರ ಮೇಲೊಂದು ಇಂಧನದ ತುಂಡುಗಳು. ಒಂದೊಂದು ತುಂಡನ್ನೂ 'ಗ್ರೇನ್' ಎನ್ನುತ್ತಾರೆ, ಹೆಸರು ಕಾಳು ಎಂದರೂ ಗಾತ್ರ ಕಾಳಿನದ್ದಲ್ಲ. ರಬ್ಬರಿನ ಹಾಗಿರುವ ಈ ತುಂಡಿನ ನಡುವೆ ಉದ್ದಕ್ಕೆ ತೂತು, ಸುತ್ತ ರಟ್ಟಿನ ಕವಚ.

ರಾಕೆಟ್ ಇಂಧನದ ಗುಟ್ಟು ಇರುವುದು ಅದು ಎಷ್ಟು ಉಂಟು ಎಂಬುದರಲ್ಲಿ ಅಲ್ಲ, ಒಂದು ಕ್ಷಣಕ್ಕೆ ಎಷ್ಟು ಮೈ ಉರಿಯುತ್ತದೆ ಎಂಬುದರಲ್ಲಿ. ತೂತಿನ ಒಳಮೈ ಮತ್ತು ಎರಡು ತುದಿಗಳು ಮಾತ್ರ ಉರಿಯಬೇಕು. ಉರಿದಂತೆ ತೂತು ಅಗಲವಾಗುತ್ತದೆ, ತುಂಡಿನ ಉದ್ದ ಕಡಿಮೆಯಾಗುತ್ತದೆ. ಒಂದು ಹೆಚ್ಚು, ಒಂದು ಕಡಿಮೆ. ಹೀಗೆ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎಷ್ಟು ಚಂದದ ಲೆಕ್ಕ ನೋಡಿ! ಆ ಒತ್ತಡವೇನೂ ಸಣ್ಣದಲ್ಲ, ನಮ್ಮ ಅಡುಗೆಮನೆಯ ಕುಕ್ಕರಿನ ಹತ್ತಾರು ಪಟ್ಟು.

ಈಗ ಬೆಂಕಿ ಹೇಗೋ ತುಂಡಿನ ಹೊರಮೈಗೆ ನುಸುಳಿತು ಎಂದಿಟ್ಟುಕೊಳ್ಳಿ. ಉರಿಯುವ ಮೈ ಒಮ್ಮೆಲೇ ಹೆಚ್ಚಾಯಿತು, ಒತ್ತಡ ಏರಿತು. ಒತ್ತಡ ಏರಿದರೆ ಇಂಧನ ಇನ್ನೂ ಬೇಗ ಉರಿಯುತ್ತದೆ, ಅದರಿಂದ ಮತ್ತೆ ಒತ್ತಡ. ಕಣ್ಣು ಮಿಟುಕಿಸುವುದರೊಳಗೆ ಕೊಳವೆ ಸಿಡಿಯುತ್ತದೆ. ಇನ್ನೊಂದು ಅಪಾಯ ಕೊನೆಗೆ ಬರುತ್ತದೆ. ಉರಿದು ಉರಿದು ತೆಳ್ಳಗಾದ ತುಂಡು ಹಿಡಿತ ಇಲ್ಲದಿದ್ದರೆ ಮುರಿದು, ಕೆಳಗಿನ ನಾಜಲ್ ಬಾಯಿಗೆ ಹೋಗಿ ಅಡ್ಡ ಕೂರುತ್ತದೆ.

ಇದಕ್ಕೇ ದೊಡ್ಡ ಮೋಟಾರುಗಳಲ್ಲಿ ಗ್ರೇನುಗಳನ್ನು ಲೈನರಿಗೆ ಎಪಾಕ್ಸಿಯಿಂದ ಅಂಟಿಸುವ ಪದ್ಧತಿ ಇರುವುದು. ಎಪಾಕ್ಸಿ ಎಂದರೆ ನಮ್ಮ ಅರಾಲ್ಡೈಟ್ ಜಾತಿಯದ್ದು. ಪಿವಿಸಿ ಪೈಪಿಗೆ ಸೊಲ್ಯೂಶನ್ ಹಚ್ಚುವ ಪ್ಲಂಬರಿಗೂ, ದಕ್ಕೆಯಲ್ಲಿ ಫೈಬರ್ ದೋಣಿಗೆ ರೆಸಿನ್ ಹಾಕುವವರಿಗೂ ಈ ಕೆಲಸದ ಜಾಡು ಹೇಳಿಕೊಡಬೇಕಾಗಿಲ್ಲ. ನುಣುಪಾದ ಮೈಗೆ ಅಂಟು ಕಚ್ಚುವುದಿಲ್ಲ. ಉಜ್ಜಿ ಒರಟು ಮಾಡಬೇಕು. ಧೂಳು, ಎಣ್ಣೆ ಪಸೆ ಒರೆಸಬೇಕು. ಅಂಟು ಸುತ್ತಲೂ ತುಂಬಿರಬೇಕು, ನಡುವೆ ಖಾಲಿ ಜಾಗ ಉಳಿಯಬಾರದು. ಹಾಗೆಂದು ಉರಿಯಬೇಕಾದ ತುದಿಗೆ ಅಂಟು ಮೆತ್ತಿಕೊಂಡರೂ ಲೆಕ್ಕ ತಪ್ಪುತ್ತದೆ. ತುದಿಗಳು ಒಂದಕ್ಕೊಂದು ತಾಗದಂತೆ ನಡುವೆ ಸಣ್ಣ ಅಂತರ ಬಿಡಬೇಕು, ಪುಟ್ಟಿನ ತೆಂಗಿನ ತುರಿಯ ಹಾಗೆ. ಆಮೇಲೆ ಅಂಟು ಪೂರ್ತಿ ಒಣಗುವವರೆಗೆ ಕಾಯಬೇಕು. ಸಂಜೆ ಅಂಟಿಸಿ ರಾತ್ರಿಯೇ ಹಾರಿಸುತ್ತೇನೆ ಎಂದರೆ ಆಗ್ಲಿಕ್ಕಿಲ್ಲ. ಕಂಪನಿಯ ಹಾಳೆಯಲ್ಲಿ ಇರುವುದನ್ನು ಇದ್ದ ಹಾಗೆ ಮಾಡಬೇಕು, ಅವರಿಗೂ ಅಲ್ಲಿ ಸ್ವಂತ ಬುದ್ಧಿಗೆ ಜಾಗ ಇಲ್ಲ.

ಅಂಟಿನದ್ದೇನು ಅಷ್ಟು ದೊಡ್ಡ ವಿಷಯ ಎನ್ನುವವರು 1986ನೇ ಇಸವಿಯನ್ನು ನೋಡಬೇಕು. ಆ ವರ್ಷ ಜನವರಿ 28ರಂದು ಅಮೆರಿಕಾದ ಚಾಲೆಂಜರ್ ನೌಕೆ ಮೇಲೇರಿದ 73 ಸೆಕೆಂಡಿನಲ್ಲಿ ಚೂರಾಯಿತು, ಏಳು ಜನ ಸತ್ತರು. ಘನ ಇಂಧನದ ಬೂಸ್ಟರಿನ ಸಂದಿಯಲ್ಲಿದ್ದ ರಬ್ಬರ್ ಓ-ರಿಂಗ್ ಚಳಿಗೆ ಸೆಡೆತು, ಬಿಸಿ ಗಾಳಿಯನ್ನು ತಡೆಯಲಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಹಬೆ ಸೋರುವುದಿಲ್ಲವಾ, ಆ ಜಾತಿಯ ದೋಷ. ಇದು ಎಲ್ಲರಿಗೂ ಗೊತ್ತು. ಅದೇ ವರ್ಷ ಏಪ್ರಿಲ್ 18ರಂದು ನಡೆದದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಬೇಹುಗಾರಿಕೆ ಉಪಗ್ರಹ ಹೊತ್ತು ಎದ್ದ ಟೈಟಾನ್ 34ಡಿ ರಾಕೆಟ್ ಎಂಟೇ ಸೆಕೆಂಡಿನಲ್ಲಿ ಸಿಡಿಯಿತು. ಬೂಸ್ಟರಿನ ಒಳಗೋಡೆಗೆ ಅಂಟಿಸಿದ್ದ ಶಾಖನಿರೋಧಕ ಪದರ ಒಂದು ಕಡೆ ಬಿಟ್ಟುಕೊಂಡಿತ್ತು, ಬೆಂಕಿ ಉಕ್ಕಿನ ಗೋಡೆಯನ್ನು ಮುಟ್ಟಿತು. ಆ ಮೇಲೆ ಅಂಥ ಮೋಟಾರುಗಳ ಅಂಟನ್ನು ಎಕ್ಸ್‌ರೇ, ಅಲ್ಟ್ರಾಸೌಂಡ್ ಮೂಲಕ ಪರೀಕ್ಷೆ ಮಾಡತೊಡಗಿದರು. ಗರ್ಭಿಣಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡ್.

ನಮ್ಮ ಚಂದ್ರಯಾನವನ್ನು ಎತ್ತಿದ ರಾಕೆಟಿನ ಎರಡು ಪಕ್ಕದಲ್ಲಿದ್ದ ಎಸ್200 ಬೂಸ್ಟರುಗಳೂ ಘನ ಇಂಧನದ್ದೇ. ಒಂದೊಂದರಲ್ಲಿ ಸುಮಾರು 200 ಟನ್. ಅಷ್ಟು ಭಾರವೂ ಗೋಡೆಗೆ ಅಂಟಿಕೊಂಡೇ ಇರಬೇಕು.

ಕೊಳವೆ ಗಟ್ಟಿಯಿದ್ದರೆ ಒತ್ತಡ ತಡೆಯುತ್ತದೆ, ಒತ್ತಡ ತಡೆದರೆ ದೂರ ಹೋಗುತ್ತದೆ ಎಂಬುದನ್ನು ಯುದ್ಧದಲ್ಲಿ ತೋರಿಸಿದವರು ಹೈದರಾಲಿ, ಟಿಪ್ಪು ಸುಲ್ತಾನ್. ಅವರ ರಾಕೆಟಿನ ಕೊಳವೆ ಕಬ್ಬಿಣದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಅಂಥವು ಸಾವಿರದಷ್ಟು ಸಿಕ್ಕಿದವು. ಅಮೆರಿಕಾದ ವಾಲಪ್ಸ್ ಕೇಂದ್ರಕ್ಕೆ ತರಬೇತಿಗೆ ಹೋದಾಗ ಅಲ್ಲಿನ ಗೋಡೆಯಲ್ಲಿ ಟಿಪ್ಪುವಿನ ಸೈನ್ಯದ ರಾಕೆಟಿನ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ಬರೆದಿದ್ದಾರೆ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅರಳುತ್ತದೆ.

ಆದರೆ ಕಣ್ಣು ಅರಳಿದ ಮೇಲೆ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಾದವರು ತಂದೆತಾಯಿಯರು. ಗೊಬ್ಬರ, ಸಕ್ಕರೆ, ಪಟಾಕಿಯ ಮದ್ದು ಎಂದು ಅಂಗಳದಲ್ಲಿ ಕಲಸುವುದನ್ನು ಹೇಳಿಕೊಡುವ ವಿಡಿಯೋಗಳೂ ಇವೆ. ಕಲಸುವಾಗ ಹೊತ್ತಿಕೊಂಡರೆ ಓಡಲು ಸಮಯ ಸಿಗುವುದಿಲ್ಲ. ಹೋಗುವುದು ಬೆರಳು, ಕಣ್ಣು. ಇನ್ನು ಕಾನೂನು. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಕಾಯ್ದೆಯ ಪ್ರಕಾರ ಅಪರಾಧ. 1908ರ ಸ್ಫೋಟಕ ವಸ್ತುಗಳ ಕಾಯ್ದೆ ಅದಕ್ಕಿಂತ ಕಠಿಣ. ಅನುಮಾನ ಬರುವ ರೀತಿಯಲ್ಲಿ ಅಂಥದ್ದು ಕೈಯಲ್ಲಿ ಸಿಕ್ಕಿದರೆ, ಒಳ್ಳೆಯ ಉದ್ದೇಶಕ್ಕೇ ಇಟ್ಟುಕೊಂಡಿದ್ದೆ ಎಂದು ತೋರಿಸಬೇಕಾದವನು ಸಿಕ್ಕಿಬಿದ್ದವನೇ. ಹದಿನಾರರ ಹುಡುಗನ ಹವ್ಯಾಸ ಎಂದು ನಾವು ಮನೆಯಲ್ಲಿ ಹೇಳಿದರೆ ಠಾಣೆಯಲ್ಲಿ ನಡೆಯುವುದಿಲ್ಲ. ನಮ್ಮ ಊರುಗಳ ಗಾಳಿ ಹೇಗಿದೆ ಎಂದು ಬಿಡಿಸಿ ಬರೆಯುವ ಅಗತ್ಯ ಇಲ್ಲ.

ಹಾಗಾದರೆ ದಾರಿ ಇಲ್ಲವಾ? ಉಂಟು, ಹತ್ತಿರದಲ್ಲೇ ಉಂಟು. ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಥ್ರಸ್ಟ್‌ಎಂಐಟಿ ತಂಡ ನ್ಯೂ ಮೆಕ್ಸಿಕೋದ ಸ್ಪೇಸ್‌ಪೋರ್ಟ್ ಅಮೆರಿಕಾ ಕಪ್‌ವರೆಗೆ ಹೋಗಿ ಬಂದಿದೆ. ಇನ್-ಸ್ಪೇಸ್ ಸಂಸ್ಥೆ ಕಾಲೇಜು ಮಕ್ಕಳಿಗೆ ಮಾಡೆಲ್ ರಾಕೆಟ್ ಸ್ಪರ್ಧೆ ನಡೆಸಿದೆ. ಒಂಬತ್ತನೇ ತರಗತಿಯವರಿಗಾಗಿ ಇಸ್ರೋ 2019ರಲ್ಲಿ 'ಯುವಿಕಾ' ಎಂಬ ತರಬೇತಿ ಆರಂಭಿಸಿತು. ಅದಕ್ಕೆ ಆಯ್ಕೆಯಲ್ಲಿ ಎಂಟನೇ ತರಗತಿಯ ಅಂಕವನ್ನೂ ನೋಡುತ್ತಾರೆ. ಅರ್ಜಿ ಆನ್‌ಲೈನಿನಲ್ಲಿ. ಮಗ ಅಥವಾ ಮಗಳು ಈಗ ಏಳರಲ್ಲೋ ಎಂಟರಲ್ಲೋ ಇದ್ದರೆ ಶಾಲೆಯ ವಿಜ್ಞಾನ ಟೀಚರನ್ನು ಈಗಲೇ ಒಮ್ಮೆ ಕೇಳಿ ನೋಡಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಬಾಟಲಿ, ಸೈಕಲ್ ಪಂಪು, ಅರ್ಧ ಲೀಟರ್ ನೀರು ಸಾಕು. ನೀರಿನ ರಾಕೆಟ್ ತೆಂಗಿನ ಮರದೆತ್ತರ ಹೋಗುತ್ತದೆ. ದೊಡ್ಡವರು ಒಬ್ಬರು ಹತ್ತಿರ ಇರಲಿ, ಬಾಟಲಿಗೆ ಮುಖ ಕೊಡಬೇಡಿ.