ವರ್ಲಿಯಿಂದ ಲೋವರ್ ಪರೇಲ್: ಬಾಡಿಗೆ ಖೋಲಿಯ ಜಾಡಿನಲ್ಲಿ

ಮುಂಬಯಿಯ ವರ್ಲಿ ನಾಕಾ ದಾಟಿ ಜಾಂಬೋರಿ ಮೈದಾನದ ಕಡೆಗೆ ತಿರುಗಿದರೆ ಮೊದಲು ಕಣ್ಣಿಗೆ ಬೀಳುವುದು ನಲವತ್ತು ಮಹಡಿಯ ಹೊಸ ಕಟ್ಟಡಗಳು. ಅವುಗಳ ಬುಡದಲ್ಲಿ, ಮಳೆ ಕುಡಿದು ಕಪ್ಪಾದ, ಬಿರುಕುಗಳಲ್ಲಿ ಅರಳಿ ಗಿಡ ಎದ್ದಿರುವ ಹಳೆಯ ಚಾಳ್‌ಗಳು. ಬಿಡಿಡಿ ಚಾಳ್ ಎಂದರೆ ಸಾಕು, ಟ್ಯಾಕ್ಸಿಯವರಿಗೆ ಬೇರೆ ಗುರುತು ಹೇಳಬೇಕಿಲ್ಲ. ಗವರ್ನರ್ ಜಾರ್ಜ್ ಲಾಯ್ಡ್ 1920ರಲ್ಲಿ ಹುಟ್ಟುಹಾಕಿದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ್ದು ಇವು. ಗಿರಣಿ ಕಾರ್ಮಿಕರಿಗೆ 50 ಸಾವಿರ ಖೋಲಿ ಕಟ್ಟುತ್ತೇವೆಂದು ಹೊರಟವರು 16 ಸಾವಿರ ಚಿಲ್ಲರೆಗೆ ಕೈಬಿಟ್ಟರು. ಊರಿಗೆ ಬರುವ ಹತ್ತಿಯ ಬೇಲ್ ಒಂದಕ್ಕೆ ಒಂದು ರೂಪಾಯಿ ಸುಂಕ ಹಾಕಿ ದುಡ್ಡು ಹೊಂದಿಸಿದ್ದರು. ವರ್ಲಿ, ನಾಯ್‌ಗಾಂವ್, ಶಿವಡಿ, ಎನ್.ಎಂ. ಜೋಶಿ ಮಾರ್ಗ ಎಲ್ಲ ಸೇರಿ 207 ಕಟ್ಟಡ. ವರ್ಲಿಯ ಪಾಲೇ 121.

ಇನ್ನೂ ಕೆಡವದೆ ಉಳಿಸಿರುವ ಒಂದು ಚಾಳ್‌ನ ಮೆಟ್ಟಿಲು ಹತ್ತಿದೆ. ಹಗಲಿನಲ್ಲೂ ಲೈಟ್ ಹಾಕಿಕೊಂಡಿರುವ ಉದ್ದನೆಯ ನಡುಹಾದಿ, ಎರಡೂ ಬದಿಗೆ ಬಾಗಿಲುಗಳು. ಮಹಡಿಗೆ ಇಪ್ಪತ್ತು, ಕಟ್ಟಡಕ್ಕೆ ಎಂಬತ್ತು ಖೋಲಿ. ಒಂದೊಂದೂ 160 ಚದರ ಅಡಿ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಒಂದೂವರೆ ಚದರಕ್ಕೆ ತುಸು ಮೇಲು. ಶೌಚಾಲಯ ಮಹಡಿಗೆಲ್ಲ ಸಾಮೂಹಿಕ. ಖೋಲಿಯ ಒಳಗೆ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು, ಅದರ ಪಕ್ಕಕ್ಕೇ ಗ್ಯಾಸ್ ಒಲೆ, ಮೇಲೆ ಹಲಗೆ ಹೊಡೆದ ಅಟ್ಟ. ಮಗ ಸೊಸೆ ಮಲಗುವುದು ಅಟ್ಟದಲ್ಲಿ, ಮೊಮ್ಮಕ್ಕಳು ಕೆಳಗೆ, ಮನೆಯ ಗಂಡಸು ಬೇಸಿಗೆಯಲ್ಲಿ ನಡುಹಾದಿಯಲ್ಲಿ. ರತ್ನಾಗಿರಿ ಕಡೆಯ ಒಬ್ಬ ಅಜ್ಜಿ ಚಹಾ ಕೊಟ್ಟರು. ಎದುರಿನ ಹೊಸ ಕಟ್ಟಡದಲ್ಲಿ ಅವರಿಗೂ ಮನೆ ಸಿಗಬೇಕು, 500 ಚದರ ಅಡಿ, ಕಾಸಿಲ್ಲದೆ. ಖುಷಿಯೇ ಎಂದು ಕೇಳಿದ್ದಕ್ಕೆ, "ಮನೆ ಪುಕ್ಕಟೆ ಸರಿ, ಲಿಫ್ಟೂ ಪುಕ್ಕಟೆಯೇನಪ್ಪಾ?" ಎಂದು ಮರುಪ್ರಶ್ನೆ ಹಾಕಿದರು. ತಿಂಗಳು ತಿಂಗಳು ಬರುವ ನಿರ್ವಹಣಾ ವೆಚ್ಚದ ಲೆಕ್ಕ ಅವರಿಗೆ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿದೆ.

ಈ ಚಾಳ್‌ಗಳ ಬಗ್ಗೆ ಹೆಚ್ಚಿನವರು ಮರೆತಿರುವ ಒಂದು ಸಂಗತಿ ಇದೆ. ಕಟ್ಟಿ ಮುಗಿಸಿದ ಮೊದಲ ವರ್ಷಗಳಲ್ಲಿ ಸಾವಿರಾರು ಖೋಲಿ ಖಾಲಿ ಬಿದ್ದಿದ್ದವು. ಊರಲ್ಲಿ ಒಂದು ಖೋಲಿಗೆ ಎರಡು ಮೂರು ಸಂಸಾರ ತುಂಬಿಕೊಂಡಿದ್ದ ಕಾಲದಲ್ಲೇ! ಬಾಡಿಗೆ ಕೂಲಿಯವನ ಕೈಗೆಟುಕುವಂತಿರಲಿಲ್ಲ. ಕಾಂಕ್ರೀಟಿನ ಆ ಕತ್ತಲೆ ಕೋಣೆಗಳನ್ನು ಜನ ಇಷ್ಟಪಡಲೂ ಇಲ್ಲ. 1930ರ ಕಾನೂನುಭಂಗ ಚಳವಳಿಯ ದಿನಗಳಲ್ಲಿ ಸರ್ಕಾರ ವರ್ಲಿಯ ಖಾಲಿ ಚಾಳ್‌ಗಳನ್ನೇ ಜೈಲು ಮಾಡಿ ಸತ್ಯಾಗ್ರಹಿಗಳನ್ನು ತುಂಬಿತು.

ದೇಶದ ವಸತಿ ಕೊರತೆಯ ಲೆಕ್ಕ ನೋಡಿದಾಗೆಲ್ಲ ನನಗೆ ಆ ಖಾಲಿ ಚಾಳ್ ನೆನಪಾಗುತ್ತದೆ. ಅಮಿತಾಭ್ ಕುಂಡು ನೇತೃತ್ವದ ತಜ್ಞರ ತಂಡ 2012ರಲ್ಲಿ ಕೊಟ್ಟ ಅಂದಾಜಿನಂತೆ ನಗರ ಭಾರತಕ್ಕೆ ಆಗ 1.87 ಕೋಟಿ ಮನೆಗಳ ಕೊರತೆ. 2011ರ ಜನಗಣತಿಯ ಪ್ರಕಾರ ಅದೇ ನಗರಗಳಲ್ಲಿ ಬೀಗ ಹಾಕಿಕೊಂಡು ಖಾಲಿ ಇದ್ದ ಮನೆಗಳು 1.1 ಕೋಟಿ. ಕೊರತೆಯಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಅವರಲ್ಲೂ ಬೀದಿಯಲ್ಲಿ ಮಲಗುವವರು ಸ್ವಲ್ಪ. ಬಹುಪಾಲು ಜನ ಈ ಅಜ್ಜಿಯ ಮನೆಯವರಂತೆ ಒಂದೇ ಸೂರಿನಡಿ ಇಕ್ಕಟ್ಟಿನಲ್ಲಿ ಇರುವವರು. ಅಂದರೆ ದೇಶ ಮನೆ ಕಟ್ಟುತ್ತಿಲ್ಲ ಎನ್ನುವ ಹಾಗಿಲ್ಲ. ಕಟ್ಟುತ್ತಿರುವುದು ಬೇಕಾದವರಿಗಲ್ಲ.

ಕೆಳಗಿಳಿದು ಹೊಸ ಕಟ್ಟಡಗಳ ಕಡೆ ನಡೆದೆ. ಮ್ಹಾಡಾ, ಅಂದರೆ ಮಹಾರಾಷ್ಟ್ರದ ವಸತಿ ಪ್ರಾಧಿಕಾರ, ಇಲ್ಲಿ ಮಾಡಿರುವ ಲೆಕ್ಕ ಸರಳ. ಚಾಳ್ ಕೆಡವಿ ಬಾಡಿಗೆದಾರರನ್ನು ಎತ್ತರದ ಕಟ್ಟಡಕ್ಕೆ ಸೇರಿಸುವುದು, ಉಳಿದ ಜಾಗದಲ್ಲಿ ಸಿರಿವಂತರಿಗೆ ಫ್ಲ್ಯಾಟ್ ಕಟ್ಟಿ ಮಾರುವುದು, ಆ ಹಣದಲ್ಲಿ ಈ ಖರ್ಚು ತೂಗಿಸುವುದು. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ ಕೀಲಿಕೈ ಸಿಕ್ಕಿತು. ನೂರು ವರ್ಷ ಒಂದೂವರೆ ಚದರದಲ್ಲಿ ಬಾಳಿದವರಿಗೆ ಐದು ಚದರ, ಮನೆಯೊಳಗೇ ಶೌಚಾಲಯ. ಇದನ್ನು ಕಡೆಗಣಿಸಿ ಮಾತಾಡುವವರು ಒಂದು ಬೆಳಿಗ್ಗೆ ಚಾಳ್‌ನ ಶೌಚಾಲಯದ ಸಾಲಿನಲ್ಲಿ ನಿಂತು ಬರಲಿ.

ಆದರೆ ಈ ಲೆಕ್ಕ ತೂಗುವುದು ವರ್ಲಿಯಂಥ ಚಿನ್ನದ ಬೆಲೆಯ ನೆಲದಲ್ಲಿ ಮಾತ್ರ. ಕಲಬುರಗಿಯಲ್ಲಿ ಹೀಗೆ ಮಾಡಿದರೆ ಮೇಲಿನ ಫ್ಲ್ಯಾಟ್ ಕೊಳ್ಳುವವರು ಯಾರು? ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಇಲ್ಲಿ ಮನೆ ಸಿಗುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಮುಂಬಯಿಯ ಕೊಳೆಗೇರಿ ಪುನರ್ವಸತಿ ಯೋಜನೆಯದೂ ಅದೇ ದಾರಿ: 1995ರ ಜನವರಿ 1ಕ್ಕೆ ಮೊದಲು ಬಂದಿದ್ದರೆ ಅರ್ಹ ಎಂದರು, ಆಮೇಲೆ ಗಡುವು 2000ಕ್ಕೆ ಬಂತು, ಮುಂದೆ ಹಣ ಕಟ್ಟುವವರಿಗೆ 2011. ಗಡುವಿನ ಮರುದಿನ ರೈಲು ಇಳಿದವನಿಗೆ ಯಾವ ಯೋಜನೆಯೂ ಇಲ್ಲ. ಅವನಿಗೆ ಬೇಕಾದದ್ದು ಸ್ವಂತ ಮನೆಯೂ ಅಲ್ಲ, ಸಂಬಳಕ್ಕೆ ಹೊಂದುವ ಒಂದು ಬಾಡಿಗೆ ಖೋಲಿ.

ಅದನ್ನು ಕಟ್ಟುವುದು ನಿಂತದ್ದು ಯಾಕೆ ಎಂದರೆ ಬೊಟ್ಟು ಮೊದಲು ತಿರುಗುವುದು 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯಿದೆಯತ್ತ. ಯುದ್ಧಕಾಲದ ಸುಲಿಗೆ ತಡೆಯಲು ಬಂದ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು, ಮತ್ತೆ ದಶಕಗಳ ಕಾಲ ಬಿಚ್ಚಲಿಲ್ಲ. ಖಾಸಗಿ ಚಾಳ್‌ಗಳ ಮಾಲೀಕರು ಸುಣ್ಣ ಬಳಿಯುವುದನ್ನೂ ಬಿಟ್ಟರು. ಬಾಡಿಗೆದಾರ ಖೋಲಿ ಬಿಡುವಾಗ ಮುಂದಿನವನಿಂದ 'ಪಗಡಿ' ಎಂದು ದೊಡ್ಡ ಮೊತ್ತ ತೆಗೆದುಕೊಂಡು ಮಾಲೀಕನ ಜತೆ ಹಂಚಿಕೊಳ್ಳುವ ಪದ್ಧತಿ ಬೇರೂರಿತು. 1999ರ ಹೊಸ ಕಾಯಿದೆ ಅದಕ್ಕೂ ಮಾನ್ಯತೆ ಕೊಟ್ಟಿತು. ಮಳೆಗಾಲ ಬಂದರೆ ಹಳೆ ಕಟ್ಟಡಗಳು ಕುಸಿಯುವ ಸುದ್ದಿ. 2017ರಲ್ಲಿ ಭೆಂಡಿ ಬಜಾರಿನ ಹುಸೇನಿ ಕಟ್ಟಡ ಬಿದ್ದಾಗ ಸತ್ತವರು ಮೂವತ್ತಕ್ಕೂ ಹೆಚ್ಚು. ದೇಶದ ನಗರಗಳಲ್ಲಿ 1961ರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಬಾಡಿಗೆಯವಾಗಿದ್ದವು, 2011ರ ಹೊತ್ತಿಗೆ ಅದು ಕಾಲು ಭಾಗದ ಆಸುಪಾಸು. ಸರ್ಕಾರಗಳೂ ಬಾಡಿಗೆಯ ಗೋಜೇ ಬೇಡವೆಂದು ಸೈಟು, ಸಾಲ, ಸಬ್ಸಿಡಿಗೆ ಇಳಿದವು. ನಮ್ಮ ಕಡೆ ಈ ಚಾಳಿ ಇನ್ನೂ ಹಳೆಯದು. ಪ್ಲೇಗ್ ಬಂದು ಹೋದ ಮೇಲೆ ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳ್ ಕಟ್ಟಿತು. ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಸೈಟು ಹಂಚಿತು. ಇವತ್ತಿಗೂ ನಮ್ಮಲ್ಲಿ ಸೈಟು ಇದ್ದವನೇ ಸಂಸಾರಸ್ಥ.

ಗಣಪತರಾವ್ ಕದಂ ಮಾರ್ಗ ಹಿಡಿದು ಪೂರ್ವಕ್ಕೆ ನಡೆದರೆ ಲೋವರ್ ಪರೇಲ್. ಒಂದು ಕಾಲಕ್ಕೆ ಗಿರಣಿಗಳ ಭೋಂಗಾ ಕೂಗಿಗೆ ಏಳುತ್ತಿದ್ದ ಊರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದ ಗಿರಣಿ ಮುಷ್ಕರ ಶುರುವಾಯಿತು. ಗಿರಣಿಗಳು ಮತ್ತೆ ಮೊದಲಿನಂತಾಗಲಿಲ್ಲ. ಉಳಿದದ್ದು ನೆಲ, ಸುಮಾರು 600 ಎಕರೆ. 1991ರ ನಿಯಮ ಅದನ್ನು ಮೂರು ಪಾಲು ಮಾಡಿತ್ತು: ಒಂದು ಪಾಲು ಮೈದಾನಕ್ಕೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಮಾಲೀಕನಿಗೆ. ಅದಕ್ಕಿಂತ ನ್ಯಾಯವಾದ ಹಂಚಿಕೆ ನಾನು ಕಂಡಿಲ್ಲ. 2001ರಲ್ಲಿ ತಿದ್ದುಪಡಿ ತಂದು, ಕಟ್ಟಡ ಇಲ್ಲದ ಬಯಲು ಜಾಗವನ್ನಷ್ಟೇ ಹಂಚಿದರೆ ಸಾಕು ಎಂದರು. ಗಿರಣಿಯಲ್ಲಿ ಬಯಲು ಎಲ್ಲಿಂದ ಬರಬೇಕು! 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಫೀನಿಕ್ಸ್ ಮಿಲ್ ಇದ್ದಲ್ಲಿ ಮಾಲ್, ಕಮಲಾ ಮಿಲ್ ಇದ್ದಲ್ಲಿ ಕಚೇರಿ, ಪಬ್ಬು. ಸಿಕ್ಕಿದಷ್ಟು ಜಾಗದ ಮನೆಗಳಿಗೆ ಕಾರ್ಮಿಕರು ಲಕ್ಷ ದಾಟಿ ಅರ್ಜಿ ಹಾಕಿದರು. ಮೊದಲ ದೊಡ್ಡ ಲಾಟರಿ ಆದದ್ದು 2012ರಲ್ಲಿ, ಮುಷ್ಕರ ಆಗಿ ಮೂವತ್ತು ವರ್ಷಕ್ಕೆ.

ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿದ್ದವರು ನಮ್ಮವರೇ. ಬಂದ ಹೊಸದರಲ್ಲಿ ಎಲ್ಲಿದ್ದಿರಿ ಎಂದೆ. "ಎಲ್ಲಿ ಮಾರಾಯ್ರೆ, ಇಲ್ಲೇ ಟೇಬಲ್ ಜೋಡಿಸಿ ಮಲಗುದು. ಮತ್ತೆ ಡಿಲೈಲ್ ರೋಡಿನ ಚಾಳಲ್ಲಿ ಹತ್ತು ಜನ ಸೇರಿ ಒಂದು ಖೋಲಿ." ಈಗಿನ ಹುಡುಗರು? "ಅವರು ಮೇಲೆ ಅಟ್ಟದಲ್ಲಿ. ಹೊರಗೆ ರೂಮು ಮಾಡುವಷ್ಟು ಸಂಬಳ ಯಾರು ಕೊಡ್ತಾರೆ ಹೇಳಿ." ಈ ನಗರದ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರೆಲ್ಲ ಅಂಥ ಖೋಲಿಗಳಲ್ಲಿ ಚಾಪೆ ಹಾಸಿದವರೇ.

ದಾರಿ ಇಲ್ಲದಿಲ್ಲ. ಚಾಳ್ ಕಟ್ಟುತ್ತಿದ್ದ ಅದೇ 1920ರ ದಶಕದಲ್ಲಿ ವಿಯೆನ್ನಾ ನಗರಸಭೆಯೂ ಕಾರ್ಮಿಕರಿಗೆ ಮನೆ ಕಟ್ಟತೊಡಗಿತು. ಅವನ್ನು ಮಾರಲಿಲ್ಲ, ಇಂದಿಗೂ 2 ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳಿಗೆ ಅದೇ ಯಜಮಾನ. ನಮ್ಮಲ್ಲಿ 2020ರಲ್ಲಿ, ಲಾಕ್‌ಡೌನ್‌ನಲ್ಲಿ ಕೂಲಿಯವರು ನಡೆದು ಊರು ಸೇರಿದ ಮೇಲೆ, ಕೇಂದ್ರಕ್ಕೆ ಬಾಡಿಗೆ ಮನೆಗಳ ಯೋಜನೆ ಹೊಳೆಯಿತು. 2021ರ ಮಾದರಿ ಬಾಡಿಗೆ ಕಾಯಿದೆ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿ ಮಾಡಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಬೆಂಗಳೂರಿನವರಿಗೆ ಇದು ಕತೆಯಂತೆ ಕೇಳಬಹುದು. ಎರಡೂ ಸರಿಯಾದ ಹೆಜ್ಜೆಗಳೇ, ಆದರೆ ನೆಲ ಇಲ್ಲದೆ ಯಾವ ಕಾಯಿದೆಯೂ ಖೋಲಿ ಕಟ್ಟಲಾರದು. ಗಿರಣಿಯ ನೆಲ ಕೈತಪ್ಪಿತು. ನಮ್ಮ ಬಿನ್ನಿ ಮಿಲ್ ಇದ್ದ ಕಡೆ ಅಪಾರ್ಟ್‌ಮೆಂಟ್, ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ ಮಾಲ್ ಎದ್ದದ್ದನ್ನು ನಾವೂ ನೋಡಿದ್ದೇವೆ. ಇನ್ನು ಉಳಿದಿರುವುದು ಬಂದರು, ರೈಲ್ವೆ, ಮುಚ್ಚಿದ ಸರ್ಕಾರಿ ಕಾರ್ಖಾನೆಗಳ ಜಾಗ. ಅದನ್ನು ಹರಾಜಿಗೆ ಇಡುವ ಮೊದಲು ಬಾಡಿಗೆ ಮನೆಗಳಿಗೆಂದು ಒಂದು ಪಾಲು ತೆಗೆದಿಟ್ಟು, ಆ ಪಾಲನ್ನು ಎಂದೂ ಮಾರುವಂತಿಲ್ಲ ಎಂದು ಕಾಯಿದೆಯಲ್ಲೇ ಬರೆಯಬೇಕು. ನಿಮ್ಮ ಊರಲ್ಲಿ ಅಂಥ ಜಾಗದ ಹರಾಜಿನ ಪ್ರಕಟಣೆ ಬಂದಾಗ, ಬಾಡಿಗೆ ಮನೆಗಳ ಪಾಲು ಎಲ್ಲಿ ಎಂದು ಕೇಳಿ.