ಹಲೋ, ಮೈಕ್ ಟೆಸ್ಟಿಂಗ್!

ಮಕ್ಕಳೇ, ಗಣೇಶನ ಪೆಂಡಾಲಿನಲ್ಲಿ ಹಾಡುವವರು ನಿಮ್ಮ ಕಣ್ಣಿಗೆ ಬೀಳುತ್ತಾರೆ. ವೇದಿಕೆಯ ಹಿಂದೆ ಟಾರ್ಚ್ ಹಿಡಿದು ವೈರು ತಡಕುವವರು ಬೀಳುವುದಿಲ್ಲ. ನಮ್ಮ ಬಡಾವಣೆಯ ಹವ್ಯಾಸಿ ಗಾನತಂಡದಲ್ಲಿ ಅಂಥವರು ನಾಲ್ಕು ಮಂದಿ ಇದ್ದೇವೆ. ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿದ್ದವರು, ಭೌತಶಾಸ್ತ್ರದ ಮೇಷ್ಟ್ರು, ಮೊಬೈಲ್ ರಿಪೇರಿ ಅಂಗಡಿಯ ಹುಡುಗ, ಮತ್ತೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನಾನು. ಪ್ರತಿ ಸಲ ಸೆಟ್ ಬಾಡಿಗೆಗೆ ತರುವಷ್ಟು ದುಡ್ಡು ತಂಡಕ್ಕಿಲ್ಲ. ಇರುವ ಹಳೆಯ ಆಂಪ್ಲಿಫೈಯರ್, ಎರಡು ಸ್ಪೀಕರ್, ಮೂರು ಮೈಕುಗಳನ್ನು ಭಾನುವಾರ ಮೇಷ್ಟ್ರ ಮನೆಯ ಜಗಲಿಯಲ್ಲಿ ಹರಡಿಕೊಂಡು ಕೂರುತ್ತೇವೆ. ಕೂಲಿ ಅಂದರೆ ಅವರ ಮನೆಯ ಕಾಫಿ.

ಮೈಕಿನ ಒಳಗೇನಿದೆ? ಒಂದು ತೆಳು ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಪಕ್ಕದಲ್ಲಿ ಅಯಸ್ಕಾಂತ. ದನಿ ತಾಗಿ ಪೊರೆ ನಡುಗಿದರೆ ಸುರುಳಿಯೂ ಆಡುತ್ತದೆ, ಅದರಲ್ಲಿ ಚೂರೇ ಚೂರು ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ ಇದು. ಆ ಚೂರನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ, ಸ್ಪೀಕರ್ ಮತ್ತೆ ದನಿಯಾಗಿಸುತ್ತದೆ.

ದನಿ ಬರದಿದ್ದರೆ ಎಲ್ಲರೂ ಬೈಯುವುದು ಆಂಪ್ಲಿಫೈಯರನ್ನು. ನಮ್ಮ ಅನುಭವದಲ್ಲಿ ಹೆಚ್ಚು ಸಲ ಕೆಟ್ಟಿರುವುದು ಕೇಬಲ್. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲ ಪುಸ್ತಕ ಒಟ್ಟಿಗೆ ಕೆದಕುತ್ತಿರಲಿಲ್ಲ. ಒಂದೊಂದೇ ಪುಟ ಟಿಕ್ ಹಾಕುತ್ತ ಹೋಗುತ್ತಿದ್ದೆವು. ಇಲ್ಲೂ ಹಾಗೇ. ಮೊದಲು ಸರಿಯಿರುವ ಇನ್ನೊಂದು ಕೇಬಲ್ ಹಾಕಿ ನೋಡಬೇಕು. ಆಮೇಲೆ ಮೈಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ದನಿ ಬಂದೀತು, ಕೆಟ್ಟದ್ದು ಯಾವುದೆಂದು ತಿಳಿಯದು.

ಕೇಬಲ್ ಸಾಮಾನ್ಯವಾಗಿ ಪಿನ್ನಿನ ಹತ್ತಿರ, ಬಗ್ಗುವ ಜಾಗದಲ್ಲೇ ಒಳಗೊಳಗೆ ತುಂಡಾಗಿರುತ್ತದೆ. ಹುಡುಗ ಮಲ್ಟಿಮೀಟರಿನ ಕಡ್ಡಿಗಳನ್ನು ಎರಡು ತುದಿಗೂ ಮುಟ್ಟಿಸುತ್ತಾನೆ. ‘ಬೀಪ್’ ಎಂದರೆ ತಂತಿ ಇಡಿಯಾಗಿದೆ. ಇಲ್ಲವೆಂದರೆ ಒಂದು ಗೇಣು ಕತ್ತರಿಸಿ ಹೊಸದಾಗಿ ಬೆಸುಗೆ. ಕಾರ್ಯಕ್ರಮ ಮುಗಿದ ಮೇಲೆ ಕೇಬಲ್ಲನ್ನು ಮೊಣಕೈಗೆ ಬಿಗಿಯಾಗಿ ಸುತ್ತುವವರನ್ನು ಕಂಡರೆ ನಮ್ಮ ಲೈನ್‌ಮನ್ನರಿಗೆ ಎಲ್ಲಿಲ್ಲದ ಸಿಟ್ಟು. ತಂತಿ ತಿರುಚಿಕೊಂಡು ಬೇಗ ಹಾಳಾಗುತ್ತದೆ, ನಿಜ.

ಕೆಲವೊಮ್ಮೆ ಸ್ಪೀಕರ್ ‘ಹಂ...’ ಎಂದು ಗುಂಯ್‌ಗುಡುತ್ತದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತ ಆಡುತ್ತದಲ್ಲ, ಅದರದೇ ಸದ್ದು. ಕೀಬೋರ್ಡಿಗೆ ಒಂದು ಕಡೆ, ಆಂಪ್ಲಿಫೈಯರಿಗೆ ಇನ್ನೊಂದು ಕಡೆ ಕರೆಂಟು ಕೊಟ್ಟರೆ ಹೀಗಾಗುವುದುಂಟು. ಎರಡಕ್ಕೂ ಒಂದೇ ಬೋರ್ಡಿನಿಂದ ಕೊಟ್ಟರೆ ಎಷ್ಟೋ ಸಲ ನಿಲ್ಲುತ್ತದೆ. ಕೆಲವು ಜಾಣರು ಪ್ಲಗ್ಗಿನ ಮೂರನೆಯ ಪಿನ್ನನ್ನೇ, ಅಂದರೆ ಅರ್ತಿಂಗ್ ಪಿನ್ನನ್ನೇ, ಕಿತ್ತು ಸದ್ದು ನಿಲ್ಲಿಸುತ್ತಾರೆ. ಇಂಥ ಜಾಣತನ ಜೀವಕ್ಕೆ ಎರವು.

ಹೋದ ವರ್ಷ ಗಣೇಶೋತ್ಸವದಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಹಾಡಲು ನಿಂತವಳು ಕೈ ಕೊಡವಿಕೊಂಡಳು. “ತಾತಾ, ಮೈಕು ಮುಟ್ಟಿದರೆ ಚುಳ್ ಅನ್ನುತ್ತೆ.” ಮಳೆ ಬಂದು ನೆಲ ಒದ್ದೆಯಾಗಿತ್ತು. “ಕರ್ಚೀಫ್ ಸುತ್ತಿ ಹಾಡಿಸಿ ಸಾರ್, ಜನ ಕಾಯ್ತಿದ್ದಾರೆ” ಎಂದರು ಸಂಘಟಕರು. ಲೈನ್‌ಮನ್ನರು ಮಾತೇ ಆಡದೆ ಮೇನ್ ಆಫ್ ಮಾಡಿದರು. ಪೆಂಡಾಲೆಲ್ಲ ಕತ್ತಲು. ಜನ ಶಿಳ್ಳೆ ಹೊಡೆದರು, ಕೆಲವರು ಎದ್ದೂ ಹೋದರು. “ಬೈಯಲಿ ಬಿಡಿ ರಾಯರೇ, ನೀವು ಟಾರ್ಚ್ ಹಿಡೀರಿ” ಎಂದು ನನಗೆ ಹೇಳಿ, ಎಕ್ಸ್‌ಟೆನ್ಷನ್ ಬೋರ್ಡು ಬಿಚ್ಚಿದರು. ಒಳಗೆ ಅರ್ತಿಂಗ್ ತಂತಿ ಕಳಚಿ ಜೋತಾಡುತ್ತಿತ್ತು. ಆಂಪ್ಲಿಫೈಯರಿನಿಂದ ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿಯಿಲ್ಲದೆ ಮೈಕಿನ ಮೈಗೇ ಬಂದಿತ್ತು. ಆ ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು, ಇನ್ನೊಂದು ತರಿಸಿ, ತಂತಿ ಸರಿಮಾಡಿ, ಮೀಟರಿನಿಂದ ಪರೀಕ್ಷಿಸುವಾಗ ನಲವತ್ತು ನಿಮಿಷ ಕಳೆದಿತ್ತು. ಹುಡುಗಿ ಒಣ ಹಲಗೆಯ ಮೇಲೆ ನಿಂತು ಹಾಡಿದಳು.

ಆಮೇಲೆ ತಂಡದ ದುಡ್ಡಿನಲ್ಲಿ ಮೊದಲು ಕೊಂಡದ್ದು ಹೊಸ ಮೈಕಲ್ಲ, ಆರ್‌ಸಿಸಿಬಿ ಎಂಬ ಸ್ವಿಚ್ಚು. 30 ಮಿಲಿಆಂಪಿಯರ್ ಸೋರಿದರೂ ಸಾಕು, ತಾನೇ ಕರೆಂಟು ಕಡಿದುಹಾಕುತ್ತದೆ.

ಆ ಹುಡುಗಿ ಈಗ ಭಾನುವಾರ ಜಗಲಿಗೆ ಬರುತ್ತಾಳೆ. ಆಂಪ್ಲಿಫೈಯರಿನ ಮುಚ್ಚಳ ಮುಟ್ಟುವ ಹಾಗಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಕೇಬಲ್ಲುಗಳ ‘ಬೀಪ್’ ಪರೀಕ್ಷೆ ಮಾತ್ರ ಪೂರ್ತಿ ಅವಳದು. ಬೆಸುಗೆ ಕಡ್ಡಿ ಹೈಸ್ಕೂಲಿಗೆ ಹೋದ ಮೇಲೆ ಎಂದು ಅವಳ ಅಜ್ಜಿಯ ಅಪ್ಪಣೆಯಾಗಿದೆ.