ನೀರು ತೂಗಿದವನ ತಲೆ

ಒಂದು ಲೀಟರ್ ನೀರು ಒಂದು ಕೆಜಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಲೆಕ್ಕ ಎಷ್ಟು ಸಲೀಸಾಗಿದೆಯೆಂದರೆ, ಪ್ರಕೃತಿಯೇ ಹೀಗೆ ಹೊಂದಿಸಿಟ್ಟಿದೆ ಎನಿಸಿಬಿಡುತ್ತದೆ. ಹೊಂದಿಸಿದ್ದು ಪ್ಯಾರಿಸ್ಸಿನ ಕ್ರಾಂತಿಕಾಲದ ವಿಜ್ಞಾನಿಗಳು. ಅದಕ್ಕೆ ಮೊದಲು ಕೈಹಾಕಿದವರಲ್ಲಿ ಒಬ್ಬನ ತಲೆ ಉಳಿಯಲಿಲ್ಲ.

ಆತ ರಸಾಯನ ವಿಜ್ಞಾನಿ ಲವಾಸಿಯೆ. ಇಂತಿಷ್ಟು ಗಾತ್ರದ ಶುದ್ಧ ನೀರಿನ ತೂಕವೇ ಹೊಸ ತೂಕಕ್ಕೆ ಆಧಾರವಾಗಬೇಕೆಂದು ತೀರ್ಮಾನವಾದಾಗ, 1793ರಲ್ಲಿ ಖನಿಜಶಾಸ್ತ್ರಜ್ಞ ಆವೀ ಜೊತೆ ಸೇರಿ ನೀರು ತೂಗಿದ. ಆದರೆ ಆದಾಯಕ್ಕಾಗಿ ಆತ ರಾಜನ ಕಾಲದ ತೆರಿಗೆ ಗುತ್ತಿಗೆಯಲ್ಲಿ ಪಾಲುದಾರನಾಗಿದ್ದ. ಆ ವರ್ಷದ ನವೆಂಬರ್‌ನಲ್ಲಿ ಬಂಧನವಾಯಿತು. ಅಳತೆಯ ಕೆಲಸಕ್ಕೆ ಆತ ಬೇಕೇಬೇಕು, ಬಿಟ್ಟುಕೊಡಿ ಎಂದು ಕೇಳಿದ ಸಹೋದ್ಯೋಗಿ ಬೋರ್ಡಾನನ್ನೂ ಅಳತೆಯ ಸಮಿತಿಯಿಂದ ಕಿತ್ತುಹಾಕಿದರು. ಗುತ್ತಿಗೆದಾರರ ಮೇಲಿದ್ದ ಆರೋಪಗಳಲ್ಲಿ ಒಂದು, ಜನರಿಗೆ ಮಾರುವ ತಂಬಾಕಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದ್ದು! 1794ರ ಮೇ 8ರಂದು ಲವಾಸಿಯೆಯ ಕತ್ತಿನ ಮೇಲೆ ಗಿಲೋಟಿನ್ ಬಿತ್ತು.

ಹನ್ನೊಂದು ತಿಂಗಳ ನಂತರ, 1795ರ ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ನೀರಿನ ತೂಕವೇ ಗ್ರಾಂ ಎಂಬ ಕಾನೂನು ಬಂತು. ಆಮೇಲೆ ವಿಜ್ಞಾನಿಗಳಾದ ಲೆಫೆವ್ರ್-ಜಿನೊ ಮತ್ತು ಫ್ಲಾರೆನ್ಸಿನ ಫಬ್ರೋನಿ ಟೊಳ್ಳು ಹಿತ್ತಾಳೆ ಉರುಳೆಯನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿದರು. ನೀರು ಅತ್ಯಂತ ಸಾಂದ್ರವಾಗುವುದು ಸೊನ್ನೆಯಲ್ಲಲ್ಲ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನೇ ಆಧಾರ ಮಾಡಿಕೊಂಡರು. 1799ರಲ್ಲಿ ಅಂಥ ಸಾವಿರ ಗ್ರಾಂ, ಅಂದರೆ ಒಂದು ಕಿಲೋಗ್ರಾಂ ತೂಕಕ್ಕೆ ಸರಿಯಾದ ಪ್ಲಾಟಿನಂ ಬೊಡ್ಡೆ ಸಿದ್ಧವಾಗಿ ದಫ್ತರಖಾನೆ ಸೇರಿತು. ಅಲ್ಲಿಗೆ ಕಿಲೋಗ್ರಾಂಗೆ ಲೋಹವೇ ಪ್ರಮಾಣವಾಯಿತು, ನೀರು ನೆಪಕ್ಕೆ ಉಳಿಯಿತು.

ಆದರೆ ಬೊಡ್ಡೆ ಕೂದಲೆಳೆಯಷ್ಟು ಹೆಚ್ಚು ಭಾರವಾಗಿತ್ತು. ಒಂದು ಕೆಜಿ ನೀರಿಗೆ 1,000 ಅಲ್ಲ, 1,000.028 ಘನ ಸೆಂಟಿಮೀಟರ್ ಜಾಗ ಬೇಕು. ಸರಿಪಡಿಸುವ ಬದಲು 1901ರಲ್ಲಿ ಒಂದು ಕೆಜಿ ನೀರು ಹಿಡಿಯುವ ಜಾಗವನ್ನೇ ಲೀಟರ್ ಎಂದು ಕರೆದರು! ಪ್ರಯೋಗಾಲಯದವರಿಗೆ ಲೀಟರ್ ಬೇರೆ, ಘನ ಡೆಸಿಮೀಟರ್ (1,000 ಘನ ಸೆಂಟಿಮೀಟರ್) ಬೇರೆ ಆಯಿತು. ಈ ಪೀಕಲಾಟ ಮುಗಿದದ್ದು 1964ರಲ್ಲಿ. 2019ರಿಂದ ಕಿಲೋಗ್ರಾಂಗೆ ಲೋಹದ ಬದಲು ಭೌತಶಾಸ್ತ್ರದ ಪ್ಲಾಂಕ್ ಸ್ಥಿರಾಂಕ ಆಧಾರ. ನಿಖರತೆ ಬಂತು, ನಿಜ. ಯಾರು ಬೇಕಾದರೂ ಚೊಂಬು ನೀರು ಹಿಡಿದು ತಾಳೆ ನೋಡಬಹುದು ಎಂಬ ಆ ಹಳೆಯ ಆಸೆ ಹೋದದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಅಡುಗೆಮನೆಗೆ ಹಳೆಯ ಲೆಕ್ಕವೇ ಸಾಕು. 30 ಡಿಗ್ರಿ ಬಿಸಿಲಿನಲ್ಲೂ ಲೀಟರ್ ನೀರು ಸುಮಾರು 996 ಗ್ರಾಂ ತೂಗುತ್ತದೆ. ಎಣ್ಣೆಗೆ ಮಾತ್ರ ಇದನ್ನು ಹಚ್ಚಬೇಡಿ: ಲೀಟರ್ ಪ್ಯಾಕೆಟ್ಟಿನೊಳಗೆ ಸಿಗುವುದು ಹೆಚ್ಚುಕಡಿಮೆ 910 ಗ್ರಾಂ.